ಕಟ್ಟಿದ ಹಲ್ಲು, ಕಟ್ಟಿಸಿದ ಹಲ್ಲು

ಪೆರಂಬೂರಿನಲ್ಲಿ ನೆಲಸಿದ ಕನ್ನಡಿಗನು ದಂತವೈದ್ಯರ ಫಲಕದ ಮೇಲೆ ‘ಪಲ್ ಕಟ್ಟುದಲ್’ ಎಂಬ ತಮಿಳು ಮಾತನ್ನು ಕಂಡರೆ, ಅದರ ಅರ್ಥವನ್ನು ತಿಳಿಯಲು ಅವನಿಗೆ ನಿಘಂಟಿನ ನೆರವು ಬೇಕಾಗುವುದಿಲ್ಲ. ‘ಪಲ್’ ಎಂಬುದು ಹಳಗನ್ನಡದ ಶಬ್ದವೇ. ಪದಾದಿಯ ಪಕಾರವು ಹಕಾರವಾಗಿ ಕನ್ನಡದಲ್ಲಿ ಅದು ‘ಹಲ್ಲು’ ಎಂದಾಯಿತು. ತಮಿಳು ಹಳೆಯ ರೂಪವನ್ನೇ ಉಳಿಸಿಕೊಂಡಿತು. ‘ಕಟ್ಟು’ ಎಂಬ ಧಾತುವಂತೂ ಎರಡು ನುಡಿಗಳಿಗೂ ಸಮಾನವಾದ ಆಸ್ತಿ. ಕೃತಕ ಹಲ್ಲುಗಳನ್ನು ಮಾಡಿಸಿಕೊಳ್ಳುವುದನ್ನು ಕನ್ನಡದಲ್ಲಿಯೂ ‘ಹಲ್ಲು ಕಟ್ಟಿಸುವುದು’ ಎಂದೇ ಹೇಳುತ್ತಾರೆ. ಈ ಧಾತುವಿಗೆ ಎರಡು ಅರ್ಥಗಳುಂಟು: ದಾರದಿಂದಲೋ ತಂತಿಯಿಂದಲೋ ಬಿಗಿಯುವುದು ಒಂದು; ಮನೆಯನ್ನು ಕಟ್ಟಿದಂತೆ ಹೊಸದಾಗಿ ನಿರ್ಮಿಸುವುದು ಇನ್ನೊಂದು. ಕೃತಕ ದಂತದ ಇತಿಹಾಸವೆಲ್ಲವೂ ಈ ಎರಡು ಅರ್ಥಗಳ ನಡುವಿನ ಪ್ರಯಾಣವೆಂದರೆ ತಪ್ಪಾಗಲಾರದು. ಎರಡನ್ನೂ ಒಂದೇ ಎಂದು ಭಾವಿಸಿದುದರಿಂದ ಭಾರತದ ಚರಿತ್ರೆಯಲ್ಲಿ ಒಂದು ತಪ್ಪು ಕಲ್ಪನೆಯೂ ಬೇರೂರಿದೆ. ಮೊದಲು ಅದನ್ನು ಪರಿಶೀಲಿಸುವುದು ಉಚಿತ.

ಜಯಚ್ಚಂದ್ರನ ಹಲ್ಲುಗಳು

ಕ್ರಿ. ಶ. 1194ರಲ್ಲಿ ಯಮುನಾ ತೀರದ ಚಂದಾವರದಲ್ಲಿ ಘೋರಿ ಮಹಮ್ಮದನ ಸೈನ್ಯಕ್ಕೂ ಗಾಹಡವಾಲ ವಂಶದ ಜಯಚ್ಚಂದ್ರನ ಸೈನ್ಯಕ್ಕೂ ಯುದ್ಧವಾಯಿತು. ಕನೋಜು ಕಾಶಿಗಳ ಒಡೆಯನಾಗಿದ್ದ ಜಯಚ್ಚಂದ್ರನು ರಣರಂಗದಲ್ಲಿ ಮಡಿದನು. ಹೆಣಗಳ ರಾಶಿಯಲ್ಲಿ ಅವನ ದೇಹವನ್ನು ಗುರುತಿಸಿದುದು ಅವನ ಕೃತಕ ಹಲ್ಲುಗಳಿಂದ ಎಂಬ ಮಾತು ಅನೇಕ ಪುಸ್ತಕಗಳಲ್ಲಿ ಬಂದಿದೆ. ಇದನ್ನು ಆಧಾರವಾಗಿಟ್ಟುಕೊಂಡು 12ನೆಯ ಶತಮಾನದ ಭಾರತದಲ್ಲಿ ಕಟ್ಟುಹಲ್ಲಿನ ವಿದ್ಯೆ ಬಳಕೆಯಲ್ಲಿತ್ತೆಂದು ಹೇಳುವವರೂ ಉಂಟು.

ಈ ಮಾತಿನ ಜಾಡನ್ನು ಹಿಡಿದು ಹೋದರೆ ಅದು ಬಂದು ನಿಲ್ಲುವುದು ಕನ್ನಡ ನಾಡಿನ ವಿಜಾಪುರದಲ್ಲಿ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿದ್ದ ಫಿರಿಷ್ತಾ 17ನೆಯ ಶತಮಾನದ ಆರಂಭದಲ್ಲಿ ತನ್ನ ಪಾರಸೀ ಇತಿಹಾಸವನ್ನು ಅಲ್ಲಿಯೇ ರಚಿಸಿದನು. ಅದನ್ನು 1829ರಲ್ಲಿ ಇಂಗ್ಲಿಷಿಗೆ ತಂದವನು ಜಾನ್ ಬ್ರಿಗ್ಸ್. 1831ರಲ್ಲಿ ಮೈಸೂರಿನ ಆಡಳಿತವನ್ನು ಕಂಪನಿ ಸರ್ಕಾರವು ವಹಿಸಿಕೊಂಡಾಗ ಹಿರಿಯ ಕಮಿಷನರನಾಗಿ ಬಂದವನೂ ಇವನೇ. 1841ರಲ್ಲಿ ಎಲ್ಫಿನ್‌ಸ್ಟನ್ ತನ್ನ ಭಾರತ ಇತಿಹಾಸದಲ್ಲಿ ಈ ಸಂಗತಿಯನ್ನು ಎತ್ತಿಕೊಂಡು, ಅಂದಿನ ಜನಜೀವನದ ಮೇಲೆ ಇದು ಬೆಳಕು ಚೆಲ್ಲುತ್ತದೆಂದು ಸೂಚಿಸಿದನು. ಹೀಗೆ ವಿಜಾಪುರದಿಂದ ಹೊರಟ ಒಂದು ವಾಕ್ಯವು ಮೈಸೂರಿನ ಕಮಿಷನರನ ಕೈಯಿಂದ ಲೋಕಕ್ಕೆ ಹರಡಿತು.

ಆದರೆ ಫಿರಿಷ್ತಾ ಬರೆದುದು ಯುದ್ಧ ನಡೆದು ನಾಲ್ಕು ಶತಮಾನಗಳಾದ ಮೇಲೆ. ಅವನಿಗಿಂತ ಬಹು ಹಿಂದಿನ ಸಾಕ್ಷಿಯೊಂದಿದೆ. ಮೋಸುಲ್ ನಗರದ ಇಬ್ನ್ ಅಲ್ ಅಸೀರ್ ಎಂಬ ಇತಿಹಾಸಕಾರನು ಚಂದಾವರದ ಯುದ್ಧದ ಕಾಲದಲ್ಲಿ ಬದುಕಿದ್ದವನು, 1233ರಲ್ಲಿ ತೀರಿಕೊಂಡವನು. ಅವನು ಹೇಳುವುದು ಬೇರೆ. ರಾಜನ ಹಲ್ಲುಗಳು ಬುಡದಲ್ಲಿ ದುರ್ಬಲವಾಗಿದ್ದುದರಿಂದ ಅವುಗಳನ್ನು ಚಿನ್ನದ ತಂತಿಯಿಂದ ಬಿಗಿಯಲಾಗಿತ್ತು; ಅದರಿಂದ ದೇಹದ ಗುರುತು ಸಿಕ್ಕಿತು. ಎಂದರೆ ಆ ಹಲ್ಲುಗಳು ರಾಜನವೇ, ಅಲುಗುತ್ತಿದ್ದುವು, ಕಟ್ಟಲ್ಪಟ್ಟಿದ್ದುವು. ಇಬ್ನ್ ಅಲ್ ಅಸೀರನು ಭಾರತವನ್ನು ಕಂಡವನಲ್ಲ, ನಿಜ. ಆದರೂ ಕಾಲದಲ್ಲಿ ಸಮೀಪದವನು. ಮೇಲಾಗಿ ಅವನ ಭಾಷೆಯ ವೈದ್ಯಗ್ರಂಥಗಳಲ್ಲಿ ಈ ಎರಡು ಕ್ರಿಯೆಗಳ ಭೇದವು ಸ್ಪಷ್ಟವಾಗಿ ತಿಳಿದಿದ್ದಿತು. ಸುಮಾರು 1000ದ ಹೊತ್ತಿಗೆ ಕಾರ್ಡೋವಾದ ಅಲ್ ಜಹ್ರಾವಿಯು ಸಡಿಲವಾದ ಹಲ್ಲುಗಳನ್ನು ಚಿನ್ನದ ತಂತಿಯಿಂದ ಬಿಗಿಯುವುದನ್ನೂ, ಬಿದ್ದ ಹಲ್ಲಿನ ಜಾಗದಲ್ಲಿ ಎತ್ತಿನ ಮೂಳೆಯಿಂದ ಕೆತ್ತಿದ ಹಲ್ಲನ್ನು ಕೂಡಿಸುವುದನ್ನೂ ಬೇರೆಬೇರೆಯಾಗಿ ವಿವರಿಸಿದ್ದಾನೆ. ಆದ್ದರಿಂದ ಜಯಚ್ಚಂದ್ರನ ಹಲ್ಲುಗಳು ಕಟ್ಟಿದ ಹಲ್ಲುಗಳೇ ಹೊರತು ಕಟ್ಟಿಸಿದ ಹಲ್ಲುಗಳಲ್ಲ ಎಂಬ ನಿರ್ಣಯವೇ ಸಾಧುವಾದುದು.

ವಿದ್ಯೆ ಇದ್ದೂ ವಸ್ತುವಿಲ್ಲದಿದ್ದುದು

ಈ ನಿರ್ಣಯದಿಂದ ಭಾರತೀಯ ವೈದ್ಯದ ಗೌರವಕ್ಕೆ ಕುಂದುಂಟಾಗುವುದಿಲ್ಲ. ಸುಶ್ರುತಸಂಹಿತೆಯು ಬಾಯಿಯ ರೋಗಗಳನ್ನು 65 ಎಂದು ಎಣಿಸುತ್ತದೆ. ಅವುಗಳಲ್ಲಿ 15 ಹಲ್ಲಿನ ಬುಡದವು, 8 ಹಲ್ಲಿನವು. ಹಲ್ಲಿನ ಕಿಟ್ಟವನ್ನು ಕೆರೆದು ತೆಗೆಯಲು ದಂತಶಂಕುವೆಂಬ ಉಪಕರಣವನ್ನು ಅದು ಹೇಳುತ್ತದೆ. ಬೇವು, ಹೊಂಗೆ, ಕಗ್ಗಲಿಗಳ ಕಡ್ಡಿಯಿಂದ ಹಲ್ಲುಜ್ಜುವ ವಿಧಿಯು ನಮ್ಮ ಆಯುರ್ವೇದ ಗ್ರಂಥಗಳಲ್ಲಿ ದಿನಚರಿಯ ಮೊದಲ ಕರ್ತವ್ಯಗಳಲ್ಲೊಂದು. ಇದ್ದ ಹಲ್ಲನ್ನು ಕಾಪಾಡುವ ವಿದ್ಯೆ ಇಲ್ಲಿ ಪ್ರೌಢವಾಗಿದ್ದಿತು.

ಆದರೆ ಅದೇ ಸಂಹಿತೆಯಲ್ಲಿ ಒಂದು ಕಠಿಣವಾದ ಮಾತಿದೆ. ಪೆಟ್ಟು ಬಿದ್ದು, ಮುರಿಯದೆ ಅಲುಗುವ ಹಲ್ಲು ತರುಣನದಾದರೆ ಅದನ್ನು ಒತ್ತಿ ಸ್ವಸ್ಥಾನದಲ್ಲಿ ನಿಲ್ಲಿಸಬೇಕು, ತಂಪಾದ ಲೇಪವನ್ನು ಹಾಕಬೇಕು, ರೋಗಿಗೆ ನೈದಿಲೆಯ ದಂಟಿನ ಮೂಲಕ ಹಾಲು ಕುಡಿಸಬೇಕು. ವೃದ್ಧನ ಅಲುಗುವ ಹಲ್ಲನ್ನಾದರೋ ಕೈಬಿಡಬೇಕು. ವೈದ್ಯನ ದೃಷ್ಟಿಯಿಂದ ಇದು ಪ್ರಾಮಾಣಿಕವಾದ ಮಾತೇ. ಹಲ್ಲು ಕಳೆದುಕೊಂಡ ಮುದುಕನಿಗೆ ಕೊಡಲು ಆ ಕಾಲದ ವೈದ್ಯನ ಬಳಿ ಏನೂ ಇರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಕನ್ನಡದ ಗಾದೆಯಲ್ಲಿರುವುದೂ ಇದೇ ನಿರುಪಾಯತೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೃತಕ ಹಲ್ಲಿಗೆ ಬೇಕಾದ ಕೈಗೆಲಸವು ನಮ್ಮಲ್ಲಿ ಇರಲಿಲ್ಲವೇ? ಧಾರಾಳವಾಗಿತ್ತು. ಚಿನ್ನದ ಎಳೆಯನ್ನು ತೆಗೆಯುವ ಅಕ್ಕಸಾಲೆಗಳಿದ್ದರು, ದಂತವನ್ನು ಕೂದಲಿನಷ್ಟು ನವುರಾಗಿ ಕೊರೆಯುವ ಶಿಲ್ಪಿಗಳಿದ್ದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೇಣದ ಪ್ರತಿಮೆಗೆ ಮಣ್ಣನ್ನು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು, ಆ ಟೊಳ್ಳಿನಲ್ಲಿ ಲೋಹವನ್ನು ಎರೆಯುವ ಮಧೂಚ್ಛಿಷ್ಟ ವಿಧಾನವು ವಿವರವಾಗಿ ಬಂದಿದೆ. ಮುಂದೆ ಕಾಣುವಂತೆ ಇಂದಿನ ದಂತಪಂಕ್ತಿಯು ಸಿದ್ಧವಾಗುವುದು ತತ್ತ್ವತಃ ಇದೇ ಕ್ರಮದಿಂದ.

ಅದೇ ಮೇಣವನ್ನು ಬಾಯೊಳಗೆ ಇಟ್ಟು ವಸಡಿನ ಅಚ್ಚನ್ನು ತೆಗೆಯುವ ಯೋಚನೆ ಜಪಾನಿನಲ್ಲಿ ಹುಟ್ಟಿತು. ವಕಾಯಾಮಾದ ಬೌದ್ಧ ಸನ್ಯಾಸಿನಿ ನಕಾವೊಕಾ ತೇಯಿ 1538ರಲ್ಲಿ ತೀರಿಕೊಂಡಳು. ಅವಳು ಧರಿಸುತ್ತಿದ್ದ ಮರದ ದಂತಪಂಕ್ತಿಯು ಇಂದಿಗೂ ಉಳಿದಿದೆ. ಪೂರ್ಣ ದಂತಪಂಕ್ತಿಗಳಲ್ಲಿ ಅತಿ ಪ್ರಾಚೀನವೆಂದು ಗಣಿತವಾಗಿರುವ ಅದು ಒಂದೇ ಮರದ ತುಂಡಿನಿಂದ ಕೆತ್ತಿದುದು. ಅಲ್ಲಿ ಬುದ್ಧನ ಮೂರ್ತಿಗಳನ್ನು ಕೆತ್ತುತ್ತಿದ್ದ ಕೈಗಳೇ ಈ ಕೆಲಸಕ್ಕೂ ಒದಗಿದುವೆಂದು ಇತಿಹಾಸಕಾರರು ಊಹಿಸುತ್ತಾರೆ. ನಮ್ಮಲ್ಲಿ ಶಿಲ್ಪಿಯೂ ವೈದ್ಯನೂ ಹೀಗೆ ಸಂಧಿಸಲಿಲ್ಲ. ಎಂಜಲಿನ ಭಾವನೆ, ಮೂಳೆ ದಂತಗಳನ್ನು ಬಾಯಲ್ಲಿಟ್ಟುಕೊಳ್ಳುವ ಹೇಸಿಗೆ, ಕುಲವೃತ್ತಿಗಳ ನಡುವಣ ಗೋಡೆ ಇವು ಅಡ್ಡ ಬಂದಿರಬಹುದು. ಇದು ಊಹೆ ಮಾತ್ರ. ಆದರೆ ಕೌಶಲದ ಕೊರತೆಯಿಂದ ಹೀಗಾಗಲಿಲ್ಲವೆಂಬುದು ನಿಶ್ಚಿತ.

ಪಶ್ಚಿಮದ ಕಥೆ

ಪಾಶ್ಚಾತ್ಯ ದೇಶಗಳಲ್ಲಿಯೂ ಕಥೆ ಆರಂಭವಾಗುವುದು ಕಟ್ಟುವುದರಿಂದಲೇ. ಇಟಲಿಯ ಎಟ್ರುಸ್ಕನ್ನರು ಕ್ರಿಸ್ತಪೂರ್ವ 7ನೆಯ ಶತಮಾನದಷ್ಟು ಹಿಂದೆಯೇ ಚಿನ್ನದ ಪಟ್ಟಿಯಿಂದ ಮನುಷ್ಯರ ಅಥವಾ ಪ್ರಾಣಿಗಳ ಹಲ್ಲನ್ನು ಉಳಿದ ಹಲ್ಲುಗಳಿಗೆ ಬಿಗಿಯುತ್ತಿದ್ದರು. ಬಾಯಲ್ಲಿ ಒಂದೂ ಹಲ್ಲಿಲ್ಲದವನಿಗೆ ಇದರಿಂದ ಪ್ರಯೋಜನವಿಲ್ಲ. ಕಟ್ಟಲು ಆಧಾರವೇ ಇಲ್ಲದಾಗ ಹೊಸದಾಗಿ ನಿರ್ಮಿಸಬೇಕು. ಅಲ್ಲಿಂದ ಎರಡನೆಯ ಅರ್ಥದ ಕಾಲ ಮೊದಲಾಗುತ್ತದೆ.

18ನೆಯ ಶತಮಾನದ ಯೂರೋಪಿನಲ್ಲಿ ನೀರಾನೆಯ ಮತ್ತು ಆನೆಯ ದಂತದಿಂದ ಪಂಕ್ತಿಗಳನ್ನು ಕೆತ್ತುತ್ತಿದ್ದರು. ಅವು ಕಾಲಕ್ರಮದಲ್ಲಿ ಕೊಳೆತು ನಾರುತ್ತಿದ್ದುವು. ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್‌ಟನ್ 1789ರಲ್ಲಿ ಪದಗ್ರಹಣ ಮಾಡಿದಾಗ ಅವನ ಬಾಯಲ್ಲಿ ಉಳಿದಿದ್ದುದು ಒಂದೇ ಸ್ವಂತ ಹಲ್ಲು. ಅವನ ಪಂಕ್ತಿ ಮರದ್ದೆಂಬುದು ಕಟ್ಟುಕಥೆ. ದಂತ, ಸೀಸ, ಮನುಷ್ಯರ ಹಲ್ಲುಗಳಿಂದ ಕೂಡಿ ಲೋಹದ ಸುರುಳಿಯಿಂದ ಬಾಯಲ್ಲಿ ನಿಲ್ಲುತ್ತಿದ್ದ ಯಂತ್ರವದು. ಇನ್ನು ಮನುಷ್ಯರ ಹಲ್ಲುಗಳು ದೊರೆಯುತ್ತಿದ್ದುದು ಬಡವರ ಬಾಯಿಂದ, ಹೆಣಗಳ ಬಾಯಿಂದ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್‌ಟನ್ನನಾಗಿ 1815ರಲ್ಲಿ ವಾಟರ್‌ಲೂವನ್ನು ಗೆದ್ದನು. ಆ ರಣರಂಗದಲ್ಲಿ ಮಡಿದ ತರುಣ ಸಿಪಾಯಿಗಳ ಹಲ್ಲುಗಳನ್ನು ಕಿತ್ತು ಮಾರಿದರು. ಇಂಥ ಹಲ್ಲುಗಳಿಗೆ ‘ವಾಟರ್‌ಲೂ ಹಲ್ಲು’ ಎಂಬ ಹೆಸರೇ ಬಂದಿತು. ಚಂದಾವರದಲ್ಲಿ ಹಲ್ಲು ರಾಜನ ಗುರುತಾಯಿತು. ವಾಟರ್‌ಲೂವಿನಲ್ಲಿ ಗುರುತಿಲ್ಲದವರ ಹಲ್ಲು ಸರಕಾಯಿತು.

ಈ ಹೇಯವಾದ ವ್ಯಾಪಾರವನ್ನು ಕೊನೆಗಾಣಿಸಿದುದು ಪಿಂಗಾಣಿ. ಪ್ಯಾರಿಸಿನ ಔಷಧ ವ್ಯಾಪಾರಿ ದ್ಯುಶಾತೋ 1774ರ ಸುಮಾರಿಗೆ ತನ್ನ ಬಳಕೆಗಾಗಿಯೇ ಪಿಂಗಾಣಿಯ ಪಂಕ್ತಿಯನ್ನು ಮಾಡಿಸಿಕೊಂಡನು. ದ್ಯುಬ್ವಾ ದ ಶೆಮಾನ್ ಎಂಬ ದಂತವೈದ್ಯನು ಅದನ್ನು ಸುಧಾರಿಸಿದನು. 1808ರಲ್ಲಿ ಫಾಂಜಿ ಎಂಬ ಇಟಲಿಯವನು ಬಿಡಿಬಿಡಿಯಾದ ಪಿಂಗಾಣಿ ಹಲ್ಲುಗಳನ್ನು ರೂಢಿಗೆ ತಂದನು. ಆದರೂ ಅವುಗಳನ್ನು ಕೂಡಿಸುವ ತಳವು ಚಿನ್ನದ್ದೇ ಆಗಿರಬೇಕಾದ ಕಾರಣ ಅದು ಶ್ರೀಮಂತರ ಸೊತ್ತಾಗಿಯೇ ಉಳಿಯಿತು.

ತಳದ ಬೆಲೆಯನ್ನು ಇಳಿಸಿದುದು ರಬ್ಬರು. ಗಂಧಕವನ್ನು ಬೆರಸಿ ಕಾಯಿಸಿ ಗಟ್ಟಿಗೊಳಿಸಿದ ರಬ್ಬರಿಗೆ ವಲ್ಕನೈಟ್ ಎಂದು ಹೆಸರು. ಅದನ್ನು ವಸಡಿನ ಅಚ್ಚಿಗೆ ಸರಿಯಾಗಿ ಒತ್ತಿ ಹಾಕಬಹುದಾಗಿತ್ತು. ಇದೇ ಕಾಲದಲ್ಲಿ, 1844 ಮತ್ತು 1846ರ ಪ್ರಯೋಗಗಳಿಂದ ಅರಿವಳಿಕೆಯ ವಿದ್ಯೆಯೂ ಬೆಳೆದು, ಹಾಳಾದ ಹಲ್ಲುಗಳನ್ನು ನೋವಿಲ್ಲದೆ ಕೀಳಿಸಿಕೊಳ್ಳುವವರು ಹೆಚ್ಚಿದರು. ಬೇಡಿಕೆ ಬೆಳೆಯಿತು, ಬೆಲೆ ಇಳಿಯಬೇಕಾಗಿತ್ತು. ಆದರೆ ಅಮೆರಿಕದಲ್ಲಿ 1864ರ ಹಕ್ಕುಪತ್ರವನ್ನು ಕೊಂಡ ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿಯು ಪ್ರತಿಯೊಬ್ಬ ದಂತವೈದ್ಯನಿಂದಲೂ ಪರವಾನಗಿಯ ಹಣವನ್ನೂ ಪಂಕ್ತಿಯೊಂದಕ್ಕೆ ಇಷ್ಟೆಂದು ಗೌರವಧನವನ್ನೂ ವಸೂಲು ಮಾಡತೊಡಗಿತು. ಕೊಡದವರ ಮೇಲೆ ಒಂದರ ಹಿಂದೊಂದು ದಾವೆಗಳು ಬಿದ್ದುವು. 1879ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಕಂಪನಿಯ ಖಜಾಂಚಿ ಜೋಸಯ ಬೇಕನನನ್ನು ಚಾಲ್ಫಂಟ್ ಎಂಬ ದಂತವೈದ್ಯನು ಗುಂಡಿಕ್ಕಿ ಕೊಂದನು. 1881ರಲ್ಲಿ ಹಕ್ಕಿನ ಅವಧಿ ಮುಗಿದ ಮೇಲೆಯೇ ವಲ್ಕನೈಟು ನಿಜವಾಗಿ ಸರ್ವರಿಗೂ ತೆರೆಯಿತು. ಜನರ ಬಾಯಿಗೆ ಹಲ್ಲು ಬರಲು ವಿಜ್ಞಾನವೊಂದೇ ಸಾಲದು, ಅದರ ಒಡೆತನವೂ ಸಡಿಲಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ.

ಕೊನೆಯ ಹೆಜ್ಜೆ ಅಕ್ರಿಲಿಕ್. 1937ರಲ್ಲಿ ದಂತವೈದ್ಯಕ್ಕೆ ಬಂದ ಈ ರಾಳವು ವಸಡಿನ ಬಣ್ಣವನ್ನು ತಾಳಬಲ್ಲುದು, ಹಗುರ, ವಾಸನೆಯಿಲ್ಲದ್ದು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಪಾರದರ್ಶಕ ಮುಚ್ಚಳಗಳಾದುದೂ ಇದೇ ವಸ್ತು. ಯುದ್ಧದ ಬಳಿಕ ವಲ್ಕನೈಟು ಬಹು ಬೇಗನೆ ಮರೆಯಾಯಿತು. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾದಾಗ ಹಲ್ಲಿನ ಪಂಕ್ತಿಯನ್ನು ಉಚಿತವಾಗಿ ಕೊಡತೊಡಗಿದರು. 1951ರಲ್ಲಿ ಅದಕ್ಕೂ ಕನ್ನಡಕಕ್ಕೂ ಬೆಲೆ ಕಟ್ಟಲು ಸರ್ಕಾರವು ಮುಂದಾದಾಗ, ಆ ಸೇವೆಯ ಶಿಲ್ಪಿಯಾದ ಅನ್ಯೂರಿನ್ ಬೆವನನು ಮಂತ್ರಿಪದವಿಗೆ ರಾಜೀನಾಮೆಯಿತ್ತನು. ಮುದುಕರ ಹಲ್ಲು ಒಂದು ರಾಜ್ಯದ ಮಂತ್ರಿಮಂಡಲವನ್ನೇ ಅಲುಗಿಸಿತು.

ಮದರಾಸು ಮತ್ತು ಪೆರಂಬೂರು

ಇತ್ತ ಮದರಾಸಿನಲ್ಲಿ ಹಲ್ಲು ಕಟ್ಟುವ ಕಸುಬು ಬಹುಕಾಲ ಕೈಯಿಂದ ಕೈಗೆ ಬಂದ ವಿದ್ಯೆಯಾಗಿದ್ದಿತು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಇಲ್ಲಿಗೆ ಬಂದು ನೆಲಸಿದ ಚೀನೀ ದಂತವೈದ್ಯರ ಮನೆತನಗಳಲ್ಲಿ ತಂದೆಯಿಂದ ಮಗನು ಕಲಿಯುತ್ತಿದ್ದನು. ದೂರದ ಹೂಬೆ ಪ್ರಾಂತದಿಂದ ಬಂದವರು ಅವರು. ಭಾರತದ ಮೊದಲ ದಂತವೈದ್ಯ ಕಾಲೇಜು 1920ರಲ್ಲಿ ಕಲ್ಕತ್ತೆಯಲ್ಲಿ ಆರ್. ಅಹಮದರಿಂದ ಸ್ಥಾಪಿತವಾಯಿತು. 1948ರ ದಂತವೈದ್ಯರ ಅಧಿನಿಯಮವು ವೃತ್ತಿಗೆ ನೋಂದಣಿಯನ್ನು ವಿಧಿಸಿತು. ಪದವಿಯಿಲ್ಲದಿದ್ದರೂ ಐದು ವರ್ಷಗಳಿಗೆ ಕಡಮೆಯಿಲ್ಲದಂತೆ ವೃತ್ತಿಯಲ್ಲಿದ್ದವರಿಗೆ ಪಟ್ಟಿಯ ಎರಡನೆಯ ಭಾಗದಲ್ಲಿ ಸ್ಥಾನ ಕೊಟ್ಟಿತು. ಹಳೆಯ ಕೈಗಳನ್ನು ಒಮ್ಮೆಗೇ ಬೀದಿಗೆ ತಳ್ಳದೆ ಹೊಸ ವಿದ್ಯೆಗೆ ದಾರಿಮಾಡಿದ ಕ್ರಮವಿದು. 1953ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನ ಅಂಗವಾಗಿ ದಂತವೈದ್ಯ ವಿಭಾಗವು ತೆರೆಯಿತು. 1958ರಲ್ಲಿ ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜೂ, 1965ರಲ್ಲಿ ಮಣಿಪಾಲದ ಕಾಲೇಜೂ ಬಂದುವು.

ಪೆರಂಬೂರಿನಲ್ಲಿಯೂ ಇವು ಬದಲಾವಣೆಯ ವರ್ಷಗಳೇ. 1856ರಿಂದ ರೈಲ್ವೆ ಕಾರ್ಖಾನೆಗಳ ಊರಾದ ಇದು 1908ರಲ್ಲಿ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯು ಏರ್ಪಟ್ಟಾಗ ಹುಬ್ಬಳ್ಳಿಯೊಡನೆ ಒಂದೇ ಆಡಳಿತಕ್ಕೆ ಸೇರಿತು. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯು ರೂಪುಗೊಂಡಾಗ ಮೈಸೂರು ಸಂಸ್ಥಾನದ ರೈಲ್ವೆಯೂ ಅದರಲ್ಲಿ ಲೀನವಾಯಿತು. ಹೀಗಾಗಿ ಹುಬ್ಬಳ್ಳಿ ಮೈಸೂರುಗಳ ಕನ್ನಡಿಗನಿಗೆ ಪೆರಂಬೂರು ಪರಸ್ಥಳವಾದರೂ ಪರರ ಸ್ಥಳವಾಗಲಿಲ್ಲ. 1955ರ ಅಕ್ಟೋಬರ್ 2ರಂದು ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯು ಆರಂಭವಾದ ಮೇಲೆ ಮರದ ಡಬ್ಬಿಗಳ ಸ್ಥಾನವನ್ನು ಉಕ್ಕಿನ ಡಬ್ಬಿಗಳು ಆಕ್ರಮಿಸತೊಡಗಿದುವು. ವಲ್ಕನೈಟಿನ ಸ್ಥಾನಕ್ಕೆ ಅಕ್ರಿಲಿಕ್ ಬಂದುದೂ ಇದೇ ತಲೆಮಾರಿನಲ್ಲಿ. ತಿಂಗಳ ಸಂಬಳದ ಕಾರ್ಮಿಕನು ಪಿಂಚಣಿಯ ಹೊತ್ತಿಗೆ ಹಲ್ಲು ಕಟ್ಟಿಸಬಲ್ಲನೆಂಬುದು ಸಾಮಾನ್ಯ ಸಂಗತಿಯಾದುದು ಆಗಲೇ.

ಎರಕದ ಕೆಲಸವನ್ನು ಬಲ್ಲ ಕಾರ್ಖಾನೆಯವನಿಗೆ ಪಂಕ್ತಿ ಸಿದ್ಧವಾಗುವ ಬಗೆ ಹೊಸದೆನಿಸದು. ಮೊದಲು ವಸಡಿನ ಅಚ್ಚನ್ನು ತೆಗೆದು ಗಾರೆಯಂಥ ಪ್ಲಾಸ್ಟರಿನಲ್ಲಿ ಅದರ ಪ್ರತಿರೂಪವನ್ನು ಮಾಡುತ್ತಾರೆ. ಅದರ ಮೇಲೆ ಮೇಣದ ದಿಂಡನ್ನಿಟ್ಟು, ಮೇಲ್ದವಡೆ ಕೆಳದವಡೆಗಳ ಅಂತರವನ್ನು ಅಳೆದು, ಹಲ್ಲುಗಳನ್ನು ಮೇಣದಲ್ಲಿ ನೆಟ್ಟು ಬಾಯಲ್ಲಿ ಒಮ್ಮೆ ಪರೀಕ್ಷಿಸುತ್ತಾರೆ. ಬಳಿಕ ಅದನ್ನು ಪ್ಲಾಸ್ಟರಿನಲ್ಲಿ ಹುದುಗಿಸಿ, ಬಿಸಿನೀರಿನಿಂದ ಮೇಣವನ್ನು ಕರಗಿಸಿ ತೆಗೆದು, ಆ ಟೊಳ್ಳಿನಲ್ಲಿ ಅಕ್ರಿಲಿಕ್ಕಿನ ಹಿಟ್ಟನ್ನು ತುಂಬಿ ಕಾಯಿಸುತ್ತಾರೆ. ಸೋಮೇಶ್ವರನ ಮಧೂಚ್ಛಿಷ್ಟ ವಿಧಾನವು ಎಂಟು ಶತಮಾನಗಳ ಮೇಲೆ ಮುದುಕರ ಬಾಯಿಗೆ ತಲಪಿದುದು ಹೀಗೆ.

ಬಗೆಗಳು, ಪ್ರಯೋಜನ, ಪಾಲನೆ

ಇಂದು ಬಳಕೆಯಲ್ಲಿರುವ ಪಂಕ್ತಿಗಳಲ್ಲಿ ಮುಖ್ಯವಾದುವು ಎರಡು ವರ್ಗ: ಒಂದೂ ಹಲ್ಲಿಲ್ಲದವರಿಗೆ ಪೂರ್ಣಪಂಕ್ತಿ, ಕೆಲವು ಉಳಿದವರಿಗೆ ಭಾಗಪಂಕ್ತಿ. ಎರಡನೆಯದನ್ನು ಅಕ್ರಿಲಿಕ್ಕಿನಲ್ಲಿಯೂ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದಲ್ಲಿಯೂ ಬಾಗುವ ನೈಲಾನಿನಲ್ಲಿಯೂ ಮಾಡುತ್ತಾರೆ. ಸ್ವೀಡನ್ನಿನ ಬ್ರೋನೆಮಾರ್ಕನು 1965ರಲ್ಲಿ ಮೊದಲ ರೋಗಿಯ ದವಡೆಯ ಮೂಳೆಯಲ್ಲಿ ಟೈಟೇನಿಯಂ ತಿರುಪುಗಳನ್ನು ನೆಟ್ಟ ಮೇಲೆ, ಅವುಗಳ ಆಧಾರದ ಮೇಲೆ ಪಂಕ್ತಿಯನ್ನು ಬಿಗಿಯುವ ಕ್ರಮವೂ ಬೆಳೆದಿದೆ. ಕಟ್ಟಿಸಿದ ಹಲ್ಲನ್ನು ಮತ್ತೆ ಕಟ್ಟಿ ನಿಲ್ಲಿಸುವ ವಿಧಾನವೆಂದು ಅದನ್ನು ಕರೆಯಬಹುದು.

ಸಾಮಾನ್ಯವಾದ ಮೇಲಿನ ಪಂಕ್ತಿಯು ಯಾವ ಆಧಾರವೂ ಇಲ್ಲದೆ ಅಂಗುಳಕ್ಕೆ ಅಂಟಿ ನಿಲ್ಲುವುದು ಜೊಲ್ಲಿನ ತೆಳುವಾದ ಪೊರೆಯಿಂದ ಮತ್ತು ಅಂಚಿನಲ್ಲಿ ಗಾಳಿ ನುಸುಳದಂತೆ ಇರುವುದರಿಂದ. ಕೆಳಗಿನದಕ್ಕೆ ಹಿಡಿತ ಕಡಮೆ. ನಾಲಗೆ ಅದನ್ನು ಸದಾ ಎತ್ತುತ್ತಿರುತ್ತದೆ. ಆದ್ದರಿಂದ ಆರಂಭದಲ್ಲಿ ತಾಳ್ಮೆ ಅವಶ್ಯಕ. ಇಡ್ಲಿ, ಉಪ್ಪಿಟ್ಟುಗಳಿಂದ ಮೊದಲುಮಾಡಿ, ಚಿಕ್ಕ ತುತ್ತುಗಳನ್ನು ಎರಡು ಬದಿಗಳಲ್ಲಿಯೂ ಸಮವಾಗಿ ಅಗಿಯುವುದನ್ನು ರೂಢಿಸಿಕೊಳ್ಳಬೇಕು. ಕೋಡುಬಳೆಯ ಆಸೆಯನ್ನು ಕೆಲಕಾಲ ಮುಂದೂಡುವುದು ಲೇಸು. ಅಂಗುಳವು ಮುಚ್ಚಿರುವುದರಿಂದ ಬಿಸಿಯ ಅಳತೆ ಬಾಯಿಗೆ ಸರಿಯಾಗಿ ತಿಳಿಯದು. ಹೊಗೆಯಾಡುವ ಫಿಲ್ಟರ್ ಕಾಫಿಯನ್ನು ಗುಟುಕರಿಸಿ ಗಂಟಲನ್ನು ಸುಟ್ಟುಕೊಳ್ಳುವ ಅಪಾಯವುಂಟು.

ಅಗಿಯುವ ಶಕ್ತಿಯು ಮರಳುವುದು, ಕುಸಿದ ಕೆನ್ನೆ ತುಟಿಗಳು ಮತ್ತೆ ತುಂಬುವುದು, ಇವು ಎಲ್ಲರಿಗೂ ಕಾಣುವ ಲಾಭಗಳು. ಅಷ್ಟೇ ಮುಖ್ಯವಾದುದು ಮಾತು. ವೈಯಾಕರಣರು ದಂತ್ಯಗಳೆಂದು ಹೆಸರಿಸಿದ ತಕಾರಾದಿ ವರ್ಣಗಳೂ ಸಕಾರವೂ ಹಲ್ಲಿಲ್ಲದ ಬಾಯಲ್ಲಿ ಅಸ್ಪಷ್ಟವಾಗುತ್ತವೆ. ಪರನಾಡಿನಲ್ಲಿ ಮಕ್ಕಳು ಮೊಮ್ಮಕ್ಕಳಿಗೆ ಕನ್ನಡವು ಹಿರಿಯರ ಬಾಯಿಂದಲೇ ಬರಬೇಕಾಗಿರುವಾಗ ಇದು ಅಲ್ಪವಾದ ನಷ್ಟವಲ್ಲ. ಹೊಸ ಪಂಕ್ತಿಯನ್ನು ಧರಿಸಿದವರು ದಿನವೂ ಕೆಲಹೊತ್ತು ಗಟ್ಟಿಯಾಗಿ ಓದಿದರೆ ಉಚ್ಚಾರಣೆಯು ಬೇಗ ಹದಕ್ಕೆ ಬರುತ್ತದೆ. ಕುಮಾರವ್ಯಾಸನನ್ನು ಓದಿದರಂತೂ ನಾಲಗೆಗೂ ಹಿತ, ಕೇಳುವ ಮಕ್ಕಳಿಗೂ ಹಿತ.

ಪಾಲನೆಯ ನಿಯಮಗಳು ಕೆಲವೇ. ರಾತ್ರಿ ಪಂಕ್ತಿಯನ್ನು ತೆಗೆದು ವಸಡಿಗೆ ವಿಶ್ರಾಂತಿ ಕೊಡಬೇಕು. ತೆಗೆದುದನ್ನು ತಣ್ಣೀರಿನಲ್ಲಿಡಬೇಕು, ಒಣಗಲು ಬಿಡಬಾರದು, ಕುದಿಯುವ ನೀರಿಗೆ ಹಾಕಬಾರದು. ಮೃದುವಾದ ಬ್ರಷ್ಷಿನಿಂದ ಸೌಮ್ಯವಾದ ಸೋಪಿನಲ್ಲಿ ತೊಳೆಯಬೇಕು. ಒರಟಾದ ಹಲ್ಲುಪುಡಿ ಅದನ್ನು ಗೀರುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಪಾತ್ರೆಯನ್ನಿಟ್ಟುಕೊಂಡರೆ ಕೈತಪ್ಪಿದರೂ ಒಡೆಯದು. ವಸಡು, ನಾಲಗೆಗಳನ್ನೂ ಶುಚಿಮಾಡಬೇಕು. ಹಲ್ಲು ಹೋದ ದವಡೆಯ ಮೂಳೆ ಕ್ರಮೇಣ ಸವೆಯುವುದರಿಂದ ಇಂದು ಸರಿಯಾಗಿ ಕೂಡುವ ಪಂಕ್ತಿಯು ಕೆಲವು ವರ್ಷಗಳಲ್ಲಿ ಸಡಿಲವಾಗುತ್ತದೆ; ಆಗ ಮನೆಯಲ್ಲಿ ಅರದಿಂದ ಉಜ್ಜುವುದಾಗಲಿ ಅಂಟು ಹಚ್ಚುವುದಾಗಲಿ ಸಲ್ಲದು. ಎರಡು ವಾರಗಳಲ್ಲಿ ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು; ಅಡಕೆ, ಹೊಗೆಸೊಪ್ಪುಗಳನ್ನು ಹಾಕಿಕೊಳ್ಳುವವರಂತೂ ಇದನ್ನು ಅಲಕ್ಷಿಸಬಾರದು.

ಕರ್ನಾಟಕ ಸರ್ಕಾರವು 2014–15ರಲ್ಲಿ ಬಡ ವೃದ್ಧರಿಗೆ ಉಚಿತವಾಗಿ ಹಲ್ಲಿನ ಪಂಕ್ತಿಯನ್ನು ಕೊಡಲು ‘ದಂತಭಾಗ್ಯ’ ಎಂಬ ಯೋಜನೆಯನ್ನು ಆರಂಭಿಸಿತು. ವೃದ್ಧನ ಹಲ್ಲನ್ನು ಕೈಬಿಡಬೇಕೆಂದು ಪ್ರಾಚೀನ ವೈದ್ಯನು ನಿರುಪಾಯನಾಗಿ ಹೇಳಿದ ಮಾತಿಗೆ ಇದು ತಡವಾಗಿ ಬಂದ ಉತ್ತರ. ಚಿನ್ನದ ತಂತಿ ಒಬ್ಬ ರಾಜನಿಗೆ ದೊರೆಯಿತು. ಅದು ಅವನ ಹೆಣವನ್ನು ಗುರುತಿಸಲು ಒದಗಿತು. ಅಕ್ರಿಲಿಕ್ಕಿನ ಪಂಕ್ತಿಯು ಪೆರಂಬೂರಿನ ಪಿಂಚಣಿದಾರನಿಗೂ ದೊರೆತಿದೆ; ಅದು ಅವನು ಬದುಕಿರುವಾಗಲೇ ಉಣ್ಣಲು, ನುಡಿಯಲು ಒದಗುತ್ತದೆ.